ಆರದ ಕಂದೀಲು

ನಮ್ಮ ಹೊಲದ ಹಗೇವಿನ ಬಾಯಿಯಲ್ಲಿ ನಾನು ಹಿಡಿಸುತ್ತಿದ್ದೆ, ಅಪ್ಪ ಹಿಡಿಸುತ್ತಿರಲಿಲ್ಲ. ನನ್ನ ಕಷ್ಟಗಳೆಲ್ಲ ಈ ಒಂದು ಅಳತೆಯಿಂದ ಹುಟ್ಟಿದವು. ಅಪ್ಪ ಒಂದಿಷ್ಟು ಸಣ್ಣಗಿದ್ದಿದ್ದರೆ, ಅಥವಾ ನಾನು ರಾಯಚೂರಿನಲ್ಲಿದ್ದಾಗ ಇನ್ನೊಂದು ಬುಟ್ಟಿ ಮಿರ್ಚಿ ಭಜಿ ತಿಂದು ಅಗಲವಾಗಿದ್ದರೆ, ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹಗೇವು ಅಂದರೆ ನೆಲದೊಳಗಿನ ಕಣಜ. ಮೇಲಿನಿಂದ ನೋಡಿದರೆ ಒಂದು ಚಪ್ಪಡಿಕಲ್ಲು, ಅಷ್ಟೆ. ಕಲ್ಲು ಸರಿಸಿದರೆ ಗಡಿಗೆಯ ಕೊರಳಿನಂಥ ಕಿರಿದಾದ ಬಾಯಿ, ಅದರ ಕೆಳಗೆ ಗಡಿಗೆಯಂಥದೇ ದೊಡ್ಡ ಹೊಟ್ಟೆ. ಹಿಂದಿನವರು ಜೋಳವನ್ನು ಅದರೊಳಗೆ ಸುರಿದು, ಬಾಯಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಡುತ್ತಿದ್ದರು. ಹುಳ ಹತ್ತುತ್ತಿರಲಿಲ್ಲ, ಕಳ್ಳನಿಗೂ ಸಿಗುತ್ತಿರಲಿಲ್ಲ. ನಮ್ಮದು ಎರಡಾಳು ಆಳ ಇತ್ತು. ದೇವದುರ್ಗದ ಕಾಲೇಜಿನಲ್ಲಿ ನಾನು ಹುಡುಗಿಯರಿಗೆ ಹೇಳುವಾಗ ಅದು ಐದಾಳು ಆಯಿತು. ಬಸ್ಸು ಮಸರಕಲ್ ಮುಟ್ಟುವಷ್ಟರಲ್ಲಿ ಒಂಬತ್ತಾಳು ಆಗಿ, ತಳದಲ್ಲಿ ನಿಜಾಮನ ಕಾಲದ ಹಾವೊಂದು ಬಂದು ಸೇರಿಕೊಂಡಿತ್ತು. ಅದಕ್ಕೆ ಮೀಸೆ ಇತ್ತು.

ನಾವು ಆ ಹಾವಿನ ನೆರೆಗೆ ಯಾಕೆ ಬಂದೆವು ಅನ್ನುವುದನ್ನು ಮೊದಲು ಹೇಳಬೇಕು.

ಅಪ್ಪ ರಾಯಚೂರಿನ ಗಂಜಿನ, ಅಂದರೆ ಕಾಳಿನ ಮಾರುಕಟ್ಟೆಯ, ಹತ್ತಿರ ಒಂದು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮನುಷ್ಯರ ಔಷಧವಲ್ಲ, ಬೆಳೆಗೆ ಹೊಡೆಯುವುದು. ನಮ್ಮ ಕಡೆ ಅದಕ್ಕೆ ಎಣ್ಣಿ ಅನ್ನುತ್ತಾರೆ. ಹತ್ತಿಗೆ ಯಾವ ಹುಳ, ಮೆಣಸಿನಕಾಯಿಗೆ ಯಾವ ಹುಳ, ಯಾವ ಹುಳಕ್ಕೆ ಯಾವ ಡಬ್ಬಿ, ಎಲ್ಲವೂ ಅಪ್ಪನಿಗೆ ಬಾಯಿಪಾಠ. ಆ ವಾಸನೆ ಅವನ ಅಂಗಿಗೆ ಎಷ್ಟು ಹತ್ತಿತ್ತೆಂದರೆ, ಅವನು ಓಣಿಯ ತಿರುವಿನಲ್ಲಿ ಕಂಡ ಕೂಡಲೇ ನಮ್ಮ ಮನೆಯ ಸೊಳ್ಳೆಗಳು ಬೇರೆ ಬಾಡಿಗೆ ಮನೆ ಹುಡುಕಲು ಹೊರಡುತ್ತಿದ್ದವು. ನಾನು ಈ ಮಾತು ಹೇಳಿದಾಗೆಲ್ಲ ಅಪ್ಪನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಆಮೇಲೊಂದು ಸಂಜೆ ಚಹಾದ ಕಪ್ಪು ಎತ್ತಿದಾಗ ಅದು ಬಸಿಯ ಮೇಲೆ ಕಟಕಟ ಅಂತು. ಇನ್ನೊಂದು ಕೈ ಹಚ್ಚಿದ. ಕಟಕಟ ಇನ್ನೂ ಜೋರಾಯಿತು. ಅವತ್ತು ನಾನು ಏನೂ ತಮಾಷೆ ಮಾಡಲಿಲ್ಲ. ತಮಾಷೆ ಹುಡುಕಿದೆ, ಸಿಗಲಿಲ್ಲ.

ಡಾಕ್ಟರು "ಅಂಗಡಿ ಬಿಡ್ರಿ" ಅಂದರೆ ಅಪ್ಪ ಊರನ್ನೇ ಬಿಡಲು ಹೊರಟ.

"ಮಸರಕಲ್ ಕಡೀಗೆ ನನ್ನ ಪಾಲಿನ ಹೊಲ ಅದ. ಎಣ್ಣಿ ಹೊಡೀಲಾರದ ಜ್ವಾಳ ಬೆಳೀತೀನಿ. ಅದನ್ನ ತಿಂದು ಇರ್ತೀವಿ. ಇಷ್ಟ ದಿನ ಮಂದಿಗಿ ಏನು ಮಾರೀನಿ ಅಂತ ನನಗ ಗೊತ್ತದ. ನನ್ನ ಮಗಳಿಗಿ ಅದನ್ನ ತಿನಸಂಗಿಲ್ಲ."

ಅವ್ವ ಮಾನ್ವಿಯವಳು. ಕಡಿಮೆ ಮಾತು, ನಮ್ಮ ಮನೆಯ ಪಾಲಿನ ಮಾತನ್ನೆಲ್ಲ ನಾನೇ ಖರ್ಚು ಮಾಡುತ್ತಿದ್ದುದರಿಂದ ಅವಳಿಗೆ ಉಳಿಯುತ್ತಿರಲಿಲ್ಲ. ಅವಳು ಅಪ್ಪನ ಕೈಯನ್ನೇ ನೋಡುತ್ತ ಅಂದಳು, "ಇದು ನಿಂತ್ರ ಸಾಕು, ಎಲ್ಲಿಗಾದ್ರೂ ಬರ್ತೀನಿ. ಆದ್ರ ಒಂದು ಮಾತು. ಈ ಹುಡಿಗಿಗೆ ಅಲ್ಲಿ ಏನರ ಆತಂದ್ರ, ಮರುದಿನದ ಬಸ್ಸಿಗಿ ನಾನು ರಾಯಚೂರಾಗ ಇರ್ತೀನಿ. ನೀವು ಬಂದ್ರೂ ಛಲೋ, ಬರದಿದ್ರೂ ಛಲೋ."

ಈ ಮಾತನ್ನು ನಾನು ತಲೆಯಲ್ಲಿ ಭದ್ರವಾಗಿ ಇಟ್ಟುಕೊಂಡೆ. ರಾಯಚೂರು ಬಿಡಲು ನನಗೆ ಸುತರಾಂ ಮನಸ್ಸಿರಲಿಲ್ಲ. ಹೊಸ ಜಾಗಕ್ಕೆ ಕಾಲಿಟ್ಟ ದಿನವೇ ಹರಕೆ ಹೊತ್ತೆ: ನನಗೆ ಸಣ್ಣದೇನಾದರೂ ಆಗಲಿ. ಕಾಲು ಉಳುಕಲಿ, ಜೇನು ಕಚ್ಚಲಿ, ಹೆಚ್ಚೆಂದರೆ ಒಂದು ಚೇಳು ಕುಟುಕಲಿ. ಅದೂ ಮರಿ ಚೇಳು, ಹಲ್ಲಿಲ್ಲದ್ದು. ಚೇಳಿಗೆ ಹಲ್ಲೇ ಇರುವುದಿಲ್ಲವೆಂದು ಆಮೇಲೆ ತಿಳಿಯಿತು.

ಸರಳ ಜೀವನಕ್ಕಾಗಿ ಅಪ್ಪ ರಾಯಚೂರಿನಲ್ಲಿ ಮಾಡಿದ ಖರೀದಿ ನೋಡಿದ್ದರೆ ನೀವು ಮದುವೆ ಅಂದುಕೊಳ್ಳುತ್ತಿದ್ದಿರಿ. ಮಣ್ಣಿನ ಗಡಿಗೆ, ಮಣ್ಣಿನ ಲೋಟ, ಮಣ್ಣಿನ ತವೆ. ಹಲ್ಲುಜ್ಜಲು ಬೇವಿನ ಕಡ್ಡಿಯ ಪ್ಯಾಕೆಟ್ಟು. ಹೊಲಕ್ಕೆ ಬಂದು ನೋಡಿದರೆ ಬಾಗಿಲ ಮುಂದೆಯೇ ಬೇವಿನಮರ. ಎಲ್ಲಕ್ಕಿಂತ ಅವನಿಗೆ ಪ್ರೀತಿಯದ್ದು ಒಂದು ಕಂದೀಲು. ಹಳೆಯ ಕಾಲದ ಕಂದೀಲಿನ ಹಾಗೇ ಗಾಜಿನ ಬುರುಡೆ, ತಂತಿಯ ಹಿಡಿಕೆ, ಕೆಳಗೆ ಎಣ್ಣೆ ಹಾಕುವ ಜಾಗದಂಥ ಡಬ್ಬಿ. ಒಳಗೆ ಮಾತ್ರ ಬತ್ತಿಯ ಬದಲು ಬಲ್ಬು. ತಲೆಯ ಮೇಲೆ ಸೋಲಾರ್ ತಟ್ಟೆ. ಹಗಲು ಬಿಸಿಲಿಗಿಟ್ಟರೆ ಸಂಜೆ ತಾನೇ ಉರಿಯುತ್ತಿತ್ತು. "ಚಿಮಣಿ ಎಣ್ಣಿ ಬ್ಯಾಡ, ಕರೆಂಟ್ ಬ್ಯಾಡ. ಸೂರ್ಯನ್ನ ಬುರುಡ್ಯಾಗ ಹಾಕಿ ಇಟ್ಟೀನಿ" ಅಂತ ಬಂದವರಿಗೆಲ್ಲ ತೋರಿಸುತ್ತಿದ್ದ. ನಾನು ಅದಕ್ಕೆ ಮನೆಯ ಹಿರಿಮಗ ಅಂತ ಹೆಸರಿಟ್ಟಿದ್ದೆ. ನನಗಿಂತ ಅದನ್ನೇ ಹೆಚ್ಚು ಒರೆಸುತ್ತಿದ್ದರು.

ಆದರೂ ಖರೆ ಹೇಳಬೇಕು. ಜೋಳ ತೆನೆ ಬಿಡುವಷ್ಟರಲ್ಲಿ ಅಪ್ಪನ ಕಪ್ಪು ಸದ್ದು ಮಾಡುವುದನ್ನು ನಿಲ್ಲಿಸಿತ್ತು. ಅವ್ವ ದಿನಾ ಬೆಳಿಗ್ಗೆ ಚಹಾ ಕೊಟ್ಟು, ಒಲೆಯ ಕಡೆ ಮುಖ ಮಾಡಿ ಕಿವಿಯನ್ನು ಮಾತ್ರ ಇತ್ತ ಬಿಟ್ಟು ಕೂಡುತ್ತಿದ್ದಳು. ಸದ್ದಿಲ್ಲ. ಅವಳ ಭುಜ ಇಳಿಯುತ್ತಿತ್ತು.

ಜೋಳ ಬಂತು, ರಾಶಿಯಾಯಿತು, ಚೀಲ ತುಂಬಿತು. ತುಂಬಿದ ಸ್ವಲ್ಪ ದಿನಕ್ಕೇ ಮೊದಲಿನ ಚೀಲಗಳಲ್ಲಿ ನುಸಿ ಕಾಣಿಸಿತು. ಚೀಲಕ್ಕೆ ಕಿವಿ ಹಚ್ಚಿದರೆ ಒಳಗೆ ಅವು ಊಟ ಮಾಡುವ ಸದ್ದು ಕೇಳುತ್ತಿತ್ತು. ನನಗಂತೂ ಎರಡನೇ ಸಲ ಬಡಿಸಿರಿ ಅಂದದ್ದೂ ಕೇಳಿತ್ತು. ಬದುವಿನಾಚೆಯ ಹೊಲದ ಕಾಕಾ ಬಂದು ನೋಡಿದ. ಅವನಿಗೆ ಪುಕ್ಕಟೆ ಚಹಾ ಮತ್ತು ಪುಕ್ಕಟೆ ಸಲಹೆ, ಎರಡರ ಮೇಲೂ ಸಮ ಪ್ರೀತಿ.

"ಗುಳಿಗಿ ಇಡ್ರಿ ಮಾರಾಯ್ರಾ. ನೀವ ಮಾರ್ತಿದ್ರಲ್ಲ, ಅದ ಗುಳಿಗಿ. ಎಲ್ಲಾರೂ ಇಡ್ತಾರ."

"ಆ ಗುಳಿಗಿ ಏನಂತ ನನಗ ಗೊತ್ತದ, ಕಾಕಾ. ಅದಕ್ಕ ಬ್ಯಾಡ" ಅಂದ ಅಪ್ಪ.

"ಹಂಗಾದ್ರ ಆ ಬೇವಿನ ಗಿಡದ ಬುಡದಾಗ ನಿಮ್ಮ ಹಿರೇರ ಹಗೇವು ಅದ. ನನಗ ಬುದ್ಧಿ ತಿಳದಾಗಿಂದ ಅದರ ಬಾಯಿ ತಗದಿಲ್ಲ. ಸ್ವಚ್ಛ ಮಾಡಿ ಅದ್ರಾಗ ಸುರೀರಿ. ನುಸಿ ಅಲ್ಲ, ನುಸಿ ಅಪ್ಪನೂ ಬರಂಗಿಲ್ಲ."

ಅಪ್ಪನ ಮುಖ ಅವನ ಕಂದೀಲಿನ ಹಾಗೆ ಹೊತ್ತಿಕೊಂಡಿತು. ಮುಂದಿನ ಭಾನುವಾರ ಚಪ್ಪಡಿ ಸರಿಸಿದರು, ಅಷ್ಟರೊಳಗೆ ನಾನು ಬಸ್ಸಿನಲ್ಲಿ ಹೇಳುವುದನ್ನೆಲ್ಲ ಹೇಳಿಯಾಗಿತ್ತು. ಒಳಗಿನಿಂದ ಒಂದು ತಂಪು ವಾಸನೆ ಬಂತು. ನೆಂದ ಹುಲ್ಲು, ಹಳೇ ಬೇರು, ಮುಚ್ಚಿಟ್ಟ ಪೆಟ್ಟಿಗೆ. ನಾನು ಬಗ್ಗಿ "ಓ" ಅಂದೆ. ಒಳಗಿನಿಂದ "ಓ" ಅಂತು. ನನ್ನದಕ್ಕಿಂತ ದಪ್ಪ ದನಿ. ನಾನು ಎರಡು ಹೆಜ್ಜೆ ಹಿಂದೆ ಸರಿದೆ, ಅದೂ ಸೊಳ್ಳೆ ಕಚ್ಚಿದ್ದರಿಂದ ಅನ್ನುವ ಹಾಗೆ ಕಾಲು ಕೆರೆದುಕೊಳ್ಳುತ್ತ.

ತಳದಲ್ಲಿ ಕೊಳೆತ ಹುಲ್ಲು ಇತ್ತು. ಅದನ್ನು ಯಾರಾದರೂ ಇಳಿದು ಬಳಿದು ಮೇಲೆ ಕಳಿಸಿ, ಗೋಡೆಗೆ ಸೆಗಣಿ ಸಾರಿಸಿ, ಹೊಸ ಹುಲ್ಲು ಹಾಸಬೇಕು. ಅಪ್ಪ ಲುಂಗಿ ಕಟ್ಟಿ ಕಾಲು ಬಿಟ್ಟ. ಮೊಣಕಾಲು ಹೋಯಿತು, ತೊಡೆ ಹೋಯಿತು, ಹೊಟ್ಟೆಯ ಹತ್ತಿರ ಬಂದು ನಿಂತಿತು. ಕೆಳಗೂ ಇಲ್ಲ, ಮೇಲೂ ಇಲ್ಲ. ನಾವು ಎರಡು ಕಂಕುಳಿಗೆ ಕೈ ಹಾಕಿ ಎಳೆದಾಗ ಬಾಟಲಿಯ ಬೂಚು ತೆಗೆದಂಥ ಸದ್ದು ಬಂತು. ಈ ಸದ್ದು ನಾನು ಸೇರಿಸಿದ್ದು. ಉಳಿದದ್ದು ಖರೆ.

ಕಾಕಾ ನನ್ನ ಕಡೆ ತಿರುಗಿದ. "ನೀನಽ ಅಲ್ಲೇನಬೇ, ಒಂಬತ್ತಾಳಿನ ಹಗೇವಿನಾಗ ಇಳದು ಮೀಸಿ ಹಾವು ಹಿಡ್ಯಾಕಿ? ನನ್ನ ಮೊಮ್ಮಗಳು ಬಸ್ಸಿನಾಗ ಕೇಳಿ ಬಂದು ಊರೆಲ್ಲಾ ಹೇಳ್ಯಾಳ."

"ಅದು... ಹಾವಿಗಿ ಈಗ ವಯಸ್ಸಾಗಿರ್ತದ ಕಾಕಾ. ಪಾಪ. ತ್ರಾಸ ಕೊಡೋದು ಬ್ಯಾಡ."

"ಬಾಯಿ ಮುಚ್ಚಿ ತಯಾರಾಗು" ಅಂದ ಅಪ್ಪ. "ಇಲ್ಲಿ ಹಾವು ಇಲ್ಲ, ಹಲ್ಲಿ ಇಲ್ಲ. ಸಣ್ಣ ಕೆಲಸ."

ಅವನು ಹಾಗೆ ಅಂದನೆಂದು ನನ್ನ ಕಾಲು ಕೇಳಬೇಕಲ್ಲ. ಅವು ಇನ್ನೊಂದು ಹೆಜ್ಜೆ ಹಿಂದೆ ಸರಿದವು. ಹಾವಿನ ಭಯವಲ್ಲ, ಹಾವನ್ನು ನಾನೇ ಹುಟ್ಟಿಸಿದ್ದು, ಅದರ ಮೀಸೆಯನ್ನು ನಾನೇ ತಿರುವಿದ್ದು. ಆ "ಓ" ಅಂದದ್ದು ಮಾತ್ರ ನಾನು ಹುಟ್ಟಿಸಿದ್ದಾಗಿರಲಿಲ್ಲ.

ಅಪ್ಪ ಹಗ್ಗ ಎತ್ತಿಕೊಂಡಾಗ ಕಾಕಾ ಕೈ ಅಡ್ಡ ಹಿಡಿದ. "ಹಿರೇರು ಹಂಗಽ ಇಳೀತಿದ್ದಿಲ್ಲ. ಮೊದಲ ಕಂದೀಲು ಇಳಸ್ತಿದ್ರು. ಉರದ್ರ ಇಳೀಬೇಕು. ಆರಿದ್ರ ಕಲ್ಲು ಮುಚ್ಚಿ ಮನಿಗಿ ಹೋಗಬೇಕು."

"ಯಾಕ ಆರ್ತಿತ್ತು?" ಅಂದೆ ನಾನು.

"ಒಳಗ ಕೆಟ್ಟ ಉಸುರು ಇರ್ತದ ಅಂತಿದ್ರು."

"ಯಾರ ಉಸುರು?"

"ಯಾರಿಗೊತ್ತು ಯವ್ವಾ. ಇಳದಾವ್ರು ಮ್ಯಾಲ ಬಂದು ಹೇಳಿಲ್ಲ."

ಅಪ್ಪ ಆಗಲೇ ಒಳಗೆ ಓಡಿ ಹಿರಿಮಗನನ್ನು ಎತ್ತಿಕೊಂಡು ಬಂದಿದ್ದ. "ಕಂದೀಲು ಬೇಕಲ್ಲ? ನಮ್ಮನ್ಯಾಗ ಅದ!" ಕಾಕಾ ಅದರ ಹಣೆಗೆ ವಿಭೂತಿ ಹಚ್ಚಿದ. ಗುಂಡಿ ಒತ್ತಿದರು. ಹಗ್ಗ ಕಟ್ಟಿ ನಿಧಾನಕ್ಕೆ ಇಳಿಬಿಟ್ಟರು. ನಾವು ಮೂವರೂ ತಲೆಗೆ ತಲೆ ತಾಕಿಸಿ ಬಗ್ಗಿ ನೋಡಿದೆವು. ಕಂದೀಲು ಸುತ್ತುತ್ತ ಇಳಿಯಿತು, ಗೋಡೆಯ ಹಳೇ ಸೆಗಣಿಯ ಮೇಲೆ ಬೆರಳಚ್ಚುಗಳು ಕಂಡವು, ಯಾರದೋ ಅಗಲವಾದ ಕೈ. ತಳ ಮುಟ್ಟಿತು. ಹಾಲಿನಂಥ ಬೆಳಕು. ಒಂದಿಷ್ಟೂ ಮಿಣುಕಲಿಲ್ಲ.

"ಯಪ್ಪಾ, ಏನು ಉರ್ಯಾಕತ್ತದ!" ಅಂದ ಕಾಕಾ. "ನಮ್ಮ ಕಾಲದ ಕಂದೀಲು ಇಷ್ಟು ಉರದಿದ್ದ ನಾ ನೋಡಿಲ್ಲ. ಒಳಗ ಗಾಳಿ ಭಾಳ ಛಲೋ ಅದ."

ಒಲೆಯ ಮುಂದಿದ್ದ ಅವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದು ಕೇಳಿದಳು, "ದೀಪ ಇಳಸೀರಿ ಹೌದಲ್ಲ? ನಮ್ಮ ಮಾನ್ವ್ಯಾಗ ಇಳಸಲಾರದ ಯಾರನ್ನೂ ಬಿಡ್ತಿದ್ದಿಲ್ಲ."

"ಇಳಸೀವಿ. ಬೇಕಾದ್ರ ನೋಡು."

ಅವ್ವ ಬಗ್ಗಿ ನೋಡಿದಳು. ಬೆಳಕು ಕಂಡಳು. ತಲೆ ಆಡಿಸಿ ರೊಟ್ಟಿಗೆ ಹೋದಳು.

ನನಗೂ ಏನೂ ಹೊಳೆಯಲಿಲ್ಲ. ನಾನು ಪಿಯುಸಿ ಮೊದಲ ವರ್ಷದಲ್ಲಿ ವಿಜ್ಞಾನ ಓದುತ್ತಿದ್ದೆ.

ಹಗ್ಗವನ್ನು ನನ್ನ ಸೊಂಟಕ್ಕೆ, ಎರಡು ಕಂಕುಳ ಕೆಳಗೆ ಕಟ್ಟಿದರು. ಗಂಟು ಹಾಕುವಾಗ ಅಪ್ಪನ ಬೆರಳು ನನ್ನ ಬೆನ್ನಿಗೆ ತಾಕಿತು. ನಡುಗುತ್ತಿರಲಿಲ್ಲ. ನಡುಗುತ್ತಿದ್ದವಳು ನಾನು. ಅದನ್ನು ಮುಚ್ಚಲು ಬಾಯಿ ಬಿಟ್ಟೆ. ಮೊದಲು ಬಚ್ಚಲಿಗೆ ಹೋಗಬೇಕು ಅಂದೆ, ಹೋಗಿ ಬಂದೆ. ಬೂಟು ಬೇಕು ಅಂದೆ, ತಂದರು, ಕಚ್ಚುತ್ತವೆ ಅಂತ ಬಿಚ್ಚಿಟ್ಟೆ. ಕೂದಲಿಗೆ ಸೆಗಣಿ ಹತ್ತುತ್ತದೆ ಅಂದೆ. ಅಪ್ಪ ತನ್ನ ಟವೆಲ್ ಸುತ್ತಿದ. ಟವೆಲ್ಲಿಗೆ ಇನ್ನೂ ಅಂಗಡಿಯ ವಾಸನೆ ಅದ, ಹಾವು ಸಾಯ್ತದ, ಪಾಪ ಬರ್ತದ ಅಂದೆ.

"ಬಾಯಿ ಮುಚ್ಚಬೇ. ಹೊತ್ತು ಹೋಗಾಕತ್ತದ."

ಕಾಲು ಬಾಯಿಯೊಳಗೆ ಬಿಟ್ಟು ಅಂಚಿನ ಮೇಲೆ ಕೂತೆ. ಪಾದದ ಸುತ್ತ ತಂಪು ಬಂದು ಸುತ್ತಿಕೊಂಡಿತು. ಕೆಳಗೆ ಬೆಳಕಿತ್ತು, ಬೆಳಕಿನಲ್ಲಿ ಕರಿ ಹುಲ್ಲು ಒದ್ದೆಯಾಗಿ ಹೊಳೆಯುತ್ತಿತ್ತು. ಒಂದು ಇರುವೆಯೂ ಓಡಾಡುತ್ತಿರಲಿಲ್ಲ. ನಮ್ಮ ಹೊಲದಲ್ಲಿ ಇರುವೆ ಇಲ್ಲದ ಜಾಗ ನಾನು ಅದೇ ಮೊದಲು ನೋಡಿದ್ದು. ಆಗ ನನ್ನ ಬತ್ತಳಿಕೆಯ ಕೊನೆಯ ನೆಪ ತೆಗೆದೆ.

"ಪೂಜಿ?"

"ಏನು ಪೂಜಿ?"

"ಭೂಮಿತಾಯಿ ಹೊಟ್ಟ್ಯಾಗ ಇಳ್ಯಾಕತ್ತೀನಿ. ಕರ್ಪೂರ ಹಚ್ಚಲಾರದ ಹೆಂಗ ಇಳೀಲಿ? ನೀವು ಬಾವಿ ತೋಡಿದ್ರೂ ಕಾಯಿ ಒಡೀತೀರಿ. ನಿಮ್ಮ ಮಗಳಿಗಿ ಒಂದು ಕರ್ಪೂರ ಇಲ್ಲೇನು?"

ಮನೆಯಲ್ಲಿ ಕರ್ಪೂರ ಮುಗಿದಿದೆ ಅನ್ನುವುದು ನನ್ನ ಲೆಕ್ಕ. ತರಲು ಅಪ್ಪ ಬೈಕ್ ಹತ್ತಿ ಅಂಗಡಿಗೆ ಹೋಗಬೇಕು. ನಮ್ಮ ಬೈಕು ನನ್ನ ಹಾಗೆಯೇ, ಹತ್ತು ಸಲ ಒದೆಯದೆ ಎದ್ದೇಳುವುದಿಲ್ಲ. ಅಷ್ಟರಲ್ಲಿ ಬಿಸಿಲು ಇಳಿಯುತ್ತದೆ, ನಾಳೆ ನೋಡೋಣ ಅನ್ನುತ್ತಾರೆ, ನಾಳೆ ನನಗೆ ಜ್ವರ ಬರುತ್ತದೆ. ಕಾಕಾನೂ "ಹುಡಿಗಿ ಅನ್ನೋದು ಖರೇ ಅದ" ಅಂದ. ನಾನು ಗೆದ್ದೆ ಅನ್ನುವಷ್ಟರಲ್ಲಿ ಅವ್ವ ಸಕ್ಕರೆ ಡಬ್ಬಿಯ ಹಿಂದಿನಿಂದ ಕರ್ಪೂರ ತೆಗೆದುಕೊಂಡು ಬಂದಳು. ಆ ಕ್ಷಣಕ್ಕೆ ಅವಳಷ್ಟು ದೊಡ್ಡ ವೈರಿ ನನಗೆ ರಾಯಚೂರು ಜಿಲ್ಲೆಯಲ್ಲೇ ಇರಲಿಲ್ಲ.

"ಇಲ್ಲಿ ಮ್ಯಾಲಲ್ಲ" ಅಂದೆ, ಇನ್ನೊಂದಿಷ್ಟು ಹೊತ್ತು ಎಳೆಯಲು. "ಒಳಗ ಇಳಿಸಿ ಬೆಳಗಬೇಕು. ತಾಯಿ ಹೊಟ್ಟಿ ಒಳಗದ."

ಅವ್ವ ತೆಂಗಿನ ಕರಟಕ್ಕೆ ಮೂರು ಕಡೆ ದಾರ ಕಟ್ಟಿ, ಅದರಲ್ಲಿ ಕರ್ಪೂರ ಹಚ್ಚಿ, ನನ್ನ ಕಾಲುಗಳ ಸಂದಿಯಿಂದಲೇ ಕೆಳಗೆ ಬಿಟ್ಟಳು. ಉರಿ ಕುಣಿಯುತ್ತ ಇಳಿಯಿತು. ಬಾಯಿ ದಾಟಿತು. ನನ್ನ ಪಾದ ದಾಟಿತು. ಅರ್ಧಕ್ಕೆ ಹೋಗುವ ಮೊದಲೇ ಇಲ್ಲವಾಯಿತು.

ಯಾರೋ ಉಫ್ ಅಂದಂತೆ ಆರಲಿಲ್ಲ. ಉರಿ ಕರಟವನ್ನು ಬಿಟ್ಟು ಮೇಲೆದ್ದಂತೆ ಕಂಡಿತು, ಆಮೇಲೆ ಇರಲೇ ಇಲ್ಲ.

"ಗಾಳಿಗಿ ಹೋತು" ಅಂದ ಅಪ್ಪ.

ಗಾಳಿ ಇರಲಿಲ್ಲ. ಬೇವಿನ ಎಲೆ ಅಲುಗುತ್ತಿರಲಿಲ್ಲ. ಅವ್ವ ಕರಟ ಎಳೆದುಕೊಂಡು ಮತ್ತೊಂದು ಕರ್ಪೂರ ಹಚ್ಚಿ ಬಿಟ್ಟಳು. ಅದೇ ಜಾಗಕ್ಕೆ ಬಂತು. ಹೋಯಿತು. ಹೊಗೆ ಈ ಸಲ ಕಣ್ಣಿಗೆ ಬಿತ್ತು. ಹೊಗೆ ಮೇಲೆ ಬರಬೇಕಲ್ಲ, ಬರಲಿಲ್ಲ. ಆರಿದ ಜಾಗದಲ್ಲೇ, ಹಾಸಿಗೆಯ ಮೇಲೆ ದುಪ್ಪಟಿ ಬಿಡಿಸಿದ ಹಾಗೆ ಚಪ್ಪಟೆಯಾಗಿ ಹರಡಿ ನಿಂತಿತು. ಆ ದುಪ್ಪಟಿಯ ಕೆಳಗೆ, ತಳದಲ್ಲಿ, ಅಪ್ಪನ ಕಂದೀಲು ಹಾಲಿನಂತೆ ಉರಿಯುತ್ತಲೇ ಇತ್ತು.

ಮೊದಲು ಅರ್ಥವಾದದ್ದು ಅವ್ವನಿಗೆ. ಅವಳು ಕರಟ ಬಿಟ್ಟಳು. ನನ್ನ ಎರಡೂ ತೋಳು ಹಿಡಿದು ಒಂದೇ ಜಗ್ಗಿಗೆ ನೆಲದ ಮೇಲೆ ಎಳೆದು ಹಾಕಿದಳು. ಮೊಣಕೈ ತರಚಿ ರಕ್ತ ಬಂತು. ಅವಳು ನನ್ನ ಬೆನ್ನಿನ ಗಂಟು ಬಿಚ್ಚಲು ಹೋದಳು, ಬಿಚ್ಚಲು ಬರಲಿಲ್ಲ, ಹಲ್ಲು ಹಚ್ಚಿ ಕಚ್ಚಿ ಎಳೆದಳು. ಅವಳ ಉಸಿರು ನನ್ನ ಬೆನ್ನಿಗೆ ಬಿಸಿಯಾಗಿ ತಾಕುತ್ತಿತ್ತು.

"ಅದ್ರಾಗ ಬೆಂಕಿ ಎಲ್ಲದರಿ?" ಅಂದಳು ಅಪ್ಪನಿಗೆ. ಕೂಗಲಿಲ್ಲ. "ನಿಮ್ಮ ಕಂದೀಲಾಗ ಬೆಂಕಿ ಎಲ್ಲದ?"

ಅಪ್ಪ ಹಗೇವಿನ ಬಾಯಿಯನ್ನೇ ನೋಡುತ್ತ ನಿಂತಿದ್ದ. ಕಾಕಾ ತಲೆಯ ಮೇಲಿನ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಾನೂ ನೋಡಿದ್ನಲ್ಲಾ" ಅಂದ. "ನಾನೂ ಹೂಂ ಅಂದ್ನಲ್ಲಾ. ವಿಭೂತಿ ಹಚ್ಚಿದ್ನಲ್ಲಾ." ಆಮೇಲೆ ಮುಂದಕ್ಕೆ ಬಂದು, ಆ ಕಲ್ಲನ್ನು ಒಬ್ಬನೇ ಎಳೆದು ಅರ್ಧ ಮುಚ್ಚಿದ. ಸಂದಿಯಿಂದ ಬೆಳಕು ಬರುತ್ತಲೇ ಇತ್ತು.

ನಾನು ಏನಾದರೂ ನಗುವಂಥದ್ದು ಹೇಳಬೇಕು ಅಂದುಕೊಂಡೆ. "ಹಾವಿನ ಮೀಸಿ ಸುಡ್ತಿತ್ತು, ಅದಕ್ಕ ಅದು ಊದಿ ಆರಿಸ್ತು" ಅಂದೆ. ಯಾರೂ ನಗಲಿಲ್ಲ. ನನ್ನ ಹಲ್ಲು ಒಂದಕ್ಕೊಂದು ಬಡಿಯುತ್ತಿದ್ದವು. ಕಾಲ್ಬೆರಳುಗಳಲ್ಲಿ ಆ ತಂಪು ಇನ್ನೂ ಇತ್ತು. ಬಿಸಿಲಿಗೆ ಚಾಚಿ ಕೂತೆ, ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅವ್ವನ ಚೀಲ ಬಾಗಿಲಲ್ಲಿತ್ತು. ನನ್ನ ಬಟ್ಟೆ, ನನ್ನ ಪುಸ್ತಕ, ಅವಳ ಎರಡು ಸೀರೆ. ಸಿರವಾರದ ಮೇಲೆ ಹೋಗುವ ಬಸ್ಸು ಹಿಡಿದರೆ ಮಧ್ಯಾಹ್ನಕ್ಕೆ ರಾಯಚೂರು. ನಾನು ಹೊತ್ತ ಹರಕೆ ತೀರಿತ್ತು: ಸಣ್ಣದೇನೋ ಆಗಿತ್ತು, ಮೊಣಕೈ ತರಚಿತ್ತು. ನಾನು ಕುಣಿಯಬೇಕಿತ್ತು. ಅಪ್ಪ ಬೆಳಗಾಗುವುದಕ್ಕೇ ಬೈಕ್ ತೆಗೆದುಕೊಂಡು ದೇವದುರ್ಗಕ್ಕೆ ಹೋಗಿದ್ದ, ಯಾಕೆಂದು ಹೇಳಿರಲಿಲ್ಲ. ಆ ಬೈಕಿನ ಸದ್ದು ಮತ್ತೆ ಕೇಳುವವರೆಗೆ ನಾನು ಬಾಗಿಲ ಚೌಕಟ್ಟು ಬಿಟ್ಟು ಅಲುಗಲಿಲ್ಲ.

ಅವನು ಬಂದು ಅಂಗಳದಲ್ಲಿ ನಿಂತ. "ನೀವು ಹೋಗ್ರಿ. ನಾನೂ ಬರ್ತೀನಿ. ಜ್ವಾಳಕ್ಕ ಇದನ್ನ ಇಟ್ಟು ಬರ್ತೀನಿ, ಇಲ್ಲಂದ್ರ ಎಲ್ಲಾ ನುಸಿ ಪಾಲಾಗ್ತದ." ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದ. ಬಿಗಿಯಾದ ಮುಚ್ಚಳ. ಗುಳಿಗೆ.

ಅವನ ಕೈಯಲ್ಲಿ ಆ ಡಬ್ಬಿ ಕಟಕಟ ಅಂತು.

ಅವ್ವ ಚೀಲದ ಹಿಡಿಕೆಗೆ ಕೈ ಹಾಕಿದ್ದವಳು ಹಾಗೇ ನಿಂತಳು. ನಾನೂ ಕೇಳಿದೆ. ಒಳಗಿನ ಗುಳಿಗೆಗಳು ಒಂದಕ್ಕೊಂದು ಬಡಿದು ಸದ್ದು ಮಾಡುತ್ತಿದ್ದವು, ಅಪ್ಪ ಇನ್ನೊಂದು ಕೈ ಹಚ್ಚಿದ, ಇನ್ನೂ ಜೋರಾಯಿತು. ಮೂವರೂ ಆ ಡಬ್ಬಿಯನ್ನೇ ನೋಡಿದೆವು.

"ಅಲ್ಲೂ ವಿಷ ಇತ್ತು" ಅಂದ ಅಪ್ಪ. "ಇಲ್ಲೂ ಅದ. ನಾ ಎಲ್ಲಿಗಂತ ಕರ್ಕೊಂಡು ಹೋಗ್ಲಿ ನಿಮ್ಮನ್ನ?"

"ಕೊಡ್ರಿ ಇಲ್ಲಿ" ಅಂದಳು ಅವ್ವ. ಡಬ್ಬಿ ಇಸಿದುಕೊಂಡು, ಅವನ ಅಂಗಿಯ ಜೇಬಿಗೇ ಮರಳಿ ಹಾಕಿದಳು. "ತಂದ ಅಂಗಡಿಗಿ ವಾಪಸ್ ಕೊಟ್ಟು ಬರ್ರಿ. ಬರೋವಾಗ ಹಗ್ಗ ತರ್ರಿ. ಉದ್ದಂದು, ಹೊಸಾದು. ಇಲ್ಲಿ ವಿಷಾನ ಹೊರಗ ಹಾಕಾಕ ಬರ್ತದ. ಅಲ್ಲಿ ಬರ್ತಿದ್ದಿಲ್ಲ."

ಮಾನ್ವಿಯಲ್ಲಿ ಅವಳ ತವರಿನ ಓಣಿಯಲ್ಲೇ ಹಗೇವುಗಳಿದ್ದವಂತೆ. ದೀಪ ಆರಿದರೆ ಅವರು ಬೇವಿನ ಟೊಂಗೆಗಳ ದೊಡ್ಡ ಹೊರೆ ಕಟ್ಟಿ, ಹಗ್ಗಕ್ಕೆ ಬಿಗಿದು, ಮಜ್ಜಿಗೆ ಕಡೆದ ಹಾಗೆ ಮೇಲೆ ಕೆಳಗೆ ಆಡಿಸುತ್ತಿದ್ದರಂತೆ, ಒಳಗಿನ ಉಸಿರು ಬಾಯಿಂದ ಹೊರಗೆ ಬರುವವರೆಗೆ. ನಾವೂ ಕಡೆದೆವು. ಅಪ್ಪ, ಅವ್ವ, ಕಾಕಾ, ನಾನು. ಹತ್ತಿರ ಬಗ್ಗಬೇಡ ಅಂತ ನನ್ನ ಲಂಗದ ಚುಂಗನ್ನು ಅವ್ವ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಅಂಗೈ ಬೊಬ್ಬೆ ಎದ್ದವು. ಒಂದೊಂದು ಬೊಬ್ಬೆ ಇಡ್ಲಿಯಷ್ಟಿತ್ತು. ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ಎಣ್ಣೆಯ ಪಣತಿ ಇಳಿಸಿ ನೋಡುವ ಕೆಲಸ ನನ್ನದು. ಮೊದಲ ದಿನ ಅದೇ ಜಾಗಕ್ಕೆ ಆರಿತು. ಮುಂದಿನ ಸಲ ಒಂದು ಗೇಣು ಕೆಳಗೆ ಹೋಗಿ ಆರಿತು. ಬಸ್ಸಿನಲ್ಲಿ ಹುಡುಗಿಯರು "ಏನಾತಲೇ ನಿಮ್ಮ ಹಾವು?" ಅಂದರೆ "ಇನ್ನೂ ಉಸುರು ಬಿಡಾಕತ್ತದ" ಅಂತ ಹೇಳಿ ಕಿಟಕಿಯ ಕಡೆ ತಿರುಗುತ್ತಿದ್ದೆ.

ಒಂದು ಬೆಳಿಗ್ಗೆ ಪಣತಿ ತಳ ಮುಟ್ಟಿತು. ಉರಿ ನೆಟ್ಟಗೆ ನಿಂತಿತು. ನಾನು ಹಗ್ಗ ಹಿಡಿದು ಕಣ್ಣು ಮಿಟುಕಿಸದೆ ನೋಡಿದೆ. ಎಳೆದು, ಮತ್ತೆ ಬಿಟ್ಟು ನೋಡಿದೆ. ಕಾಕಾನನ್ನು ಕರೆದು ತೋರಿಸಿದೆ. ಅವನು ಪಣತಿ ಮೇಲೆ ಎಳೆಸಿ, ಬೆರಳು ಎಣ್ಣೆಯಲ್ಲಿ ಅದ್ದಿ, ಬತ್ತಿಯ ಹತ್ತಿರ ಹಿಡಿದು, ಸುಟ್ಟುಕೊಂಡು, "ಇದು ಬೆಂಕಿನ" ಅಂದ. ಆಮೇಲಿಂದ ಅವನು ಯಾವ ದೀಪವನ್ನೂ ಮುಟ್ಟದೆ ನಂಬಿದ್ದು ನಾನು ನೋಡಿಲ್ಲ.

ಅವ್ವ ಸೀರೆಯನ್ನು ಕಚ್ಚೆ ಹಾಕಿ ನಿಂತಳು. "ಕಟ್ರಿ ಹಗ್ಗ."

"ನೀನು?" ಅಂದೆ.

"ಮತ್ಯಾರು? ನಿಮ್ಮಪ್ಪ ಹಿಡಸಂಗಿಲ್ಲ. ನಿನ್ನ ನಾ ಬಿಡಂಗಿಲ್ಲ."

ಅವ್ವ ಆ ಬಾಯಿಯಲ್ಲಿ ಹಿಡಿಸುತ್ತಿದ್ದಳು. ಆದರೆ ಭುಜದ ಹತ್ತಿರ ಬಿಗಿಯಾಗುತ್ತಿತ್ತು. ನನ್ನ ಕಣ್ಣಿಗೆ ಅದೇ ಬಂತು. ಒಳಗೆ ಏನಾದರೂ ಆದರೆ ಜಲ್ದಿ ಎಳೆಯಲು ಬರುವುದಿಲ್ಲ. ಅಪ್ಪನ ಸಲ ಬೂಚಿನ ಸದ್ದನ್ನು ನಾನು ಸೇರಿಸಿದ್ದೆ, ಸಿಕ್ಕಿಬಿದ್ದದ್ದು ಖರೇನೇ ಇತ್ತು. ನಾನು ಹಗ್ಗವನ್ನು ಅವಳ ಕೈಯಿಂದ ತೆಗೆದುಕೊಂಡು ನನ್ನ ಕಂಕುಳಿಗೆ ಸುತ್ತಿಕೊಂಡೆ. "ನೀ ಮ್ಯಾಲಿರು. ಗಂಟು ಹಲ್ಲಿಲೆ ಬಿಚ್ಚಾಕಿ ಮ್ಯಾಲ ಇರಬೇಕು" ಅಂದೆ. ಅವಳು ನನ್ನ ಮುಖ ನೋಡಿದಳು, ತಮಾಷೆಯೋ ಏನೋ ಎಂದು. ಆಮೇಲೆ ಗಂಟನ್ನು ತಾನೇ ಹಾಕಿದಳು.

ಹಗ್ಗದ ಇನ್ನೊಂದು ತುದಿಯನ್ನು ಬೇವಿನ ಬುಡಕ್ಕೆ ಒಂದು ಸುತ್ತು ಹಾಕಿ ಅಪ್ಪ ಹಿಡಿದ, ಅವನ ಹಿಂದೆ ಕಾಕಾ. ಪಣತಿಯನ್ನು ನನ್ನ ಮೊಣಕಾಲಿನ ಕೆಳಗೆ ಬರುವಂತೆ ಬೇರೆ ದಾರಕ್ಕೆ ಕಟ್ಟಿದರು. ಅದು ಮುಂದೆ, ನಾನು ಹಿಂದೆ. ಮೇಲೆಳೆದು ಬಿಸಿಲಿಗಿಟ್ಟಿದ್ದ ಅಪ್ಪನ ಕಂದೀಲನ್ನೂ ಮತ್ತೆ ಇಳಿಸಿದರು, ಕಸ ಕಾಣಬೇಕಲ್ಲ.

"ಮಾತಾಡ್ಕೋಂತ ಇಳಿ" ಅಂದ ಅಪ್ಪ.

"ಏನು?"

"ಬಾಯಿ ನಿಲ್ಲಿಸಬ್ಯಾಡ. ನಿನ್ನ ದನಿ ನಿಂತ ಕೂಡ್ಲೆ ಜಗ್ತೀವಿ. ಏನರ ಹೇಳು. ಸುಳ್ಳು ಹೇಳು."

ನಾನು ಹುಟ್ಟಿದಾಗಿನಿಂದ ಆ ಮನುಷ್ಯ ನನಗೆ ಬಾಯಿ ಮುಚ್ಚು ಅನ್ನುತ್ತ ಬಂದಿದ್ದ.

ಕಾಲ ಕೆಳಗೆ ನೆಲ ಹೋಯಿತು. ಹಗ್ಗ ಎದೆಗೆ ಬಿಗಿಯಿತು. ನಾನು ಶುರು ಮಾಡಿದೆ: ಮೀಸೆ ಹಾವಿನ ಮದುವೆ, ಮದುವೆಗೆ ಬಂದ ನುಸಿಗಳ ಬೀಗರು, ಅವರಿಗೆ ರೊಟ್ಟಿ ಸಾಲದೆ ಆದ ಜಗಳ, ಕಾಕಾನ ಸಲಹೆ ಕೇಳಿ ಕೆಟ್ಟ ಮದುಮಗ. ಮೇಲಿನಿಂದ "ಹೂಂ" ಅಂತ ಅಪ್ಪನ ದನಿ, "ಆಮ್ಯಾಲ?" ಅಂತ ಕಾಕಾನ ದನಿ ಬರುತ್ತಿತ್ತು. ಕರ್ಪೂರ ಆರಿದ ಜಾಗ ಬಂತು. ಗೋಡೆಯಲ್ಲಿ ಒಂದು ಬೇರು ಚಾಚಿಕೊಂಡಿತ್ತು, ಅದೇ ಗುರುತು. ಪಣತಿ ಅದನ್ನು ದಾಟಿತು. ನನ್ನ ಮೊಣಕಾಲು ದಾಟಿತು, ಸೊಂಟ ದಾಟಿತು. ಮೂಗು ಅಲ್ಲಿಗೆ ಬಂದಾಗ ನಾನು ಉಸಿರು ಕಟ್ಟಿದೆ, ಮಾತು ತಾನೇ ನಿಂತಿತು.

ಹಗ್ಗ ಜಗ್ಗೆಂದು ಮೇಲೆ ಎಳೆಯಿತು. ತಲೆ ಗೋಡೆಗೆ ಬಡಿಯಿತು.

"ಇದ್ದೀನಿ! ಇದ್ದೀನಿ!" ಅಂದೆ.

"ಮಾತಾಡಬೇ!" ಅಂತ ಅಪ್ಪ ಕೂಗಿದ. ಅವನು ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಉಸಿರು ಎಳೆದುಕೊಂಡೆ. ಸೆಗಣಿಯ ವಾಸನೆ, ಬೇವಿನ ವಾಸನೆ, ಎಣ್ಣೆಯ ಬತ್ತಿ. ಮತ್ತೆ ಇಳಿಸಿದರು. ಕಾಲು ಕರಿ ಹುಲ್ಲಿಗೆ ತಾಕಿತು, ಮೆತ್ತಗೆ ಕುಸಿಯಿತು. ಮೇಲೆ ನೋಡಿದರೆ ತಟ್ಟೆಯಷ್ಟು ಆಕಾಶ, ಅದರ ಅಂಚಿಗೆ ಅವ್ವನ ತಲೆ. ಆ ಅಗಲವಾದ ಕೈಯ ಅಚ್ಚುಗಳು ಈಗ ನನ್ನ ಮುಖದ ಸಮಕ್ಕಿದ್ದವು. ಹಾವಿನ ಮದುವೆ ಎಲ್ಲಿಗೆ ಬಂದಿತ್ತೋ ಮರೆತೇಹೋಯಿತು. ಹೇಳಲು ಬೇರೆ ಏನೂ ಇರಲಿಲ್ಲ, ಸುಮ್ಮನಿರುವ ಹಾಗೂ ಇರಲಿಲ್ಲ.

"ಅವ್ವಾ, ಅಂಜಿಕಿ ಬರಾಕತ್ತದ" ಅಂದೆ.

ಅವ್ವನ ದನಿ ಹಗೇವಿನ ಕೊರಳಿನಿಂದ ಇಳಿದು ಬಂತು. "ನಮಗೂ ಬರಾಕತ್ತದ. ಹೇಳ್ಕೋಂತ ಇರು."

ಪಣತಿಯನ್ನು ಕಣ್ಣಿಗೆ ಕಾಣುವ ಕಡೆ ಇಟ್ಟು, ಕಸಬರಿಗೆ ಎತ್ತಿಕೊಂಡೆ. ಎಷ್ಟು ಅಂಜಿಕೆ, ಎಲ್ಲೆಲ್ಲಿ, ಯಾವ ಬೆರಳಿನಲ್ಲಿ, ಯಾವ ಹಲ್ಲಿನಲ್ಲಿ ಅಂತ ಒಂದೊಂದಾಗಿ ಕೂಗಿ ಹೇಳುತ್ತ ಗುಡಿಸತೊಡಗಿದೆ. ಒಂದನ್ನೂ ಹಿಗ್ಗಿಸಲಿಲ್ಲ. ಒಂದೊಂದಕ್ಕೂ ಮೇಲಿನಿಂದ ಅಪ್ಪ "ಹೂಂ" ಅನ್ನುತ್ತಿದ್ದ.